ಅಜ್ಜನ ಮನೆಗೆ ಮೊಮ್ಮಗ

ಶೇಷಾದ್ರಿಪುರದಂಥ ಹಳೆಯ ಬಡಾವಣೆಗಳಲ್ಲಿ ತಾತನ ಕಾಲದ ಮನೆಯನ್ನು ಕೆಡವುವವರು ತೇಗದ ಮುಂಬಾಗಿಲನ್ನು ಮಾತ್ರ ಜೋಪಾನವಾಗಿ ಬಿಚ್ಚಿಟ್ಟು, ಹೊಸ ಕಟ್ಟಡಕ್ಕೆ ಅದನ್ನೇ ಕೂರಿಸುವುದುಂಟು. ಬಾಗಿಲ ಹಿಂದೆ ನಡುಮನೆಯೂ ಇಲ್ಲ, ಹಿತ್ತಿಲೂ ಇಲ್ಲ; ಆದರೂ ಚಿಲಕ ಹಿಡಿದ ಕೈಗೆ ಅದು ಹಳೆಯ ಮನೆಯೇ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ಹವ್ಯಾಸವೊಂದಿದೆ. 1980ರ ದಶಕದ ಗೃಹಗಣಕದ ಹೊರಕವಚವನ್ನು ಉಳಿಸಿಕೊಂಡು, ಅದರ ಒಡಲಲ್ಲಿ ಇಂದಿನ ಕಂಪ್ಯೂಟರನ್ನು ಅಳವಡಿಸುವುದು!

ನಮ್ಮ ದೇಶದ ಮಟ್ಟಿಗೆ ಇದಕ್ಕೆ ತಕ್ಕ ಪೆಟ್ಟಿಗೆಯೆಂದರೆ ಬಿ.ಬಿ.ಸಿ. ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದ ಈ ಯಂತ್ರವನ್ನೇ, 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಲ್ಲಿ ಭಾರತದ ಆಯ್ದ ಶಾಲೆಗಳಿಗೆ ಕೊಡಲಾಯಿತು. ಇಂದು ಐವತ್ತು ದಾಟಿರುವ ಎಷ್ಟೋ ಮಂದಿ ಮೊಟ್ಟಮೊದಲು ಕಂಪ್ಯೂಟರಿನ ಕೀಲಿಯೊತ್ತಿದ್ದು ಇದರ ಮುಂದೆ ಕುಳಿತೇ. ಕರಿಯ ಕೀಲಿಗಳ ಮೇಲುಗಡೆ ಕೆಂಪು ಕೀಲಿಗಳದೊಂದು ಸಾಲು. ಗುಂಡಿ ಅದುಮಿದೊಡನೆ ಎರಡು ಸ್ವರದ ಒಂದು ಕೂಗು. ನೆನಪಿನ ಶಕ್ತಿ 32 ಕಿಲೋಬೈಟ್ ಮಾತ್ರ. ಇಂದಿನ ಸಾಧಾರಣ 4 ಗಿಗಾಬೈಟ್ ಯಂತ್ರದ ನೆನಪು ಅದರ 1,31,072 ಪಟ್ಟು!

ಅಂಥ ಪೆಟ್ಟಿಗೆ ಎಲ್ಲಿಯಾದರೂ ಅಟ್ಟದ ಮೇಲೆ ದೊರೆತರೆ ಒಳಗೆ ಏನನ್ನಿಡಬೇಕು? 17 ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಫಲಕವನ್ನು ಆರಿಸುವವರಿದ್ದಾರೆ. ಆದರೆ 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಇಲ್ಲಿ ಹೆಚ್ಚಿನ ಹಕ್ಕಿದೆ. ಅದೂ ಕೇಂಬ್ರಿಜ್ಜಿನ ಕೂಸೇ. ಅದರ ಮಿದುಳು ‘ಆರ್ಮ್’ ವಂಶದ್ದು. ಆ ವಂಶದ ಮೂಲವಾದರೋ ಏಕಾರ್ನ್ ಸಂಸ್ಥೆಯೇ. ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಇವರು ಅದನ್ನು ರೂಪಿಸುವಾಗ, ಇನ್ನೂ ಹುಟ್ಟದ ಆ ಚಿಪ್ಪಿನ ನಡೆನುಡಿಗಳನ್ನು ವಿಲ್ಸನ್ ಮೊದಲು ಪರೀಕ್ಷಿಸಿ ನೋಡಿದ್ದು ಬಿ.ಬಿ.ಸಿ. ಮೈಕ್ರೊ ಮೇಲೆ ಬರೆದ ಪ್ರೋಗ್ರಾಮಿನಿಂದ. 1985ರ ಏಪ್ರಿಲಿನಲ್ಲಿ ಮೊದಲ ಚಿಪ್ಪು ಕಣ್ಣುಬಿಟ್ಟದ್ದೂ ಅದೇ ಯಂತ್ರದ ಆಸರೆಯಲ್ಲಿ. ಮೊಮ್ಮಗ ಅಜ್ಜನ ಮನೆಗೆ ಬಾಡಿಗೆದಾರನಾಗಿ ಬರುವುದಿಲ್ಲವಷ್ಟೆ!

ಕೆಲಸದಲ್ಲಿ ಕಷ್ಟವಾದ ಭಾಗ ಕೀಲಿಮಣೆ. ಇಂದಿನ ಯು.ಎಸ್.ಬಿ. ಭಾಷೆ ಅದಕ್ಕೆ ತಿಳಿಯದು. ಯಾವ ಕೀಲಿ ಒತ್ತಿತೆಂಬುದನ್ನು ಓದಿ ಹೇಳಲು ಪುಟ್ಟ ಮೈಕ್ರೊಕಂಟ್ರೋಲರೊಂದನ್ನು ದುಭಾಷಿಯಾಗಿ ಇಡಬೇಕು. ಇದನ್ನು ಬಿಟ್ಟು, ಹೊಸ ಕೀಲಿಮಣೆಯನ್ನು ಪಕ್ಕಕ್ಕೆ ಸಿಕ್ಕಿಸಿದರೆ ಉಳಿಯುವುದು ಬರಿಯ ಡಬ್ಬಿ. ಬೆರಳಿಗೆ ಹಳೆಯ ಕೀಲಿ ಸಿಗದಿದ್ದ ಮೇಲೆ ಇಷ್ಟೆಲ್ಲ ಶ್ರಮವೇಕೆ?

ಫಲಕ, ತಂತಿಗಳೆಲ್ಲ ಎಸ್.ಪಿ. ರಸ್ತೆಯಲ್ಲಿ ಕೊಳ್ಳಲು ಸಿಕ್ಕಾವು. ಕೆತ್ತಿ ಕೆಡಿಸಿದ ಹಳೆಯ ಕವಚ ಮತ್ತೆ ಸಿಗದು. ಆದ್ದರಿಂದ ರಂಧ್ರ ಕೊರೆಯದೆ, ಹಳೆಯ ತಿರುಪುಗಳ ಜಾಗದಲ್ಲಿಯೇ ಹೊಸ ಫಲಕವನ್ನು ನಿಲ್ಲಿಸುವುದು ಲೇಸು. ತೆಗೆದ ಮೂಲ ಫಲಕವನ್ನು ಗುಜರಿಗೆ ಹಾಕದೆ, ಸ್ಥಿರವಿದ್ಯುತ್ತು ತಡೆಯುವ ಚೀಲದಲ್ಲಿ ಕಟ್ಟಿಡಬೇಕು. ಇನ್ನೂ ಜೀವವಿರುವ ಯಂತ್ರದ ಕರುಳನ್ನು ಕೀಳುವುದಂತೂ ಅನ್ಯಾಯವೇ ಸರಿ. ಜೀವವಿದೆಯೇ ಎಂದು ನೋಡುವ ಆತುರದಲ್ಲಿ ಅಟ್ಟದಿಂದಿಳಿಸಿದ ಪೆಟ್ಟಿಗೆಗೆ ಕೂಡಲೇ ವಿದ್ಯುತ್ತು ಕೊಡಬಾರದು. ಅದರ ವಿದ್ಯುತ್ ಘಟಕದ ಹಳೆಯ ಕೆಪಾಸಿಟರುಗಳು ಕಾಲಕ್ರಮದಲ್ಲಿ ಬಿರುಕುಬಿಟ್ಟು, ಮನೆಯ ತುಂಬ ಘಾಟುಹೊಗೆ ಎಬ್ಬಿಸುವುದುಂಟು. ಬಲ್ಲವರಿಂದ ಮೊದಲು ಅವನ್ನು ಬದಲಾಯಿಸಿ, ಆಮೇಲೆ ಗುಂಡಿ ಅದುಮಿ, ಆ ಎರಡು ಸ್ವರ ಕೇಳಿಸೀತೇ ಎಂದು ಕಿವಿಗೊಡಬಹುದು.