ಆಟವಿರಲಿ, ದಂಡ ಬೇಡ

ಮಾಘ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಬಯಲುಸೀಮೆಯ ಹುಣಸೆ ಮರಗಳಲ್ಲಿ ಹಣ್ಣು ಮಾಗಿ ತೂಗುತ್ತದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪಿಗೆ ರಜೆಯ ದಿನ ಮಕ್ಕಳೊಡನೆ ಬರುವ ಕುಟುಂಬಗಳಲ್ಲಿ ಒಂದು ದೃಶ್ಯ ಸಾಮಾನ್ಯ. ವಾಹನದಿಂದ ಇಳಿದ ಮಗು ಮೊದಲು ತಲೆಯೆತ್ತಿ ಕೊಂಬೆಯನ್ನು ನೋಡುತ್ತದೆ. ಆಮೇಲೆ ತಲೆ ತಗ್ಗಿಸಿ ನೆಲದಲ್ಲಿ ಕಲ್ಲು ಹುಡುಕುತ್ತದೆ. ಕಲ್ಲು ಕೈಗೆ ಸಿಕ್ಕಿದ ಮೇಲೆ, ಎಸೆಯುವ ಮುನ್ನ, ಒಮ್ಮೆ ಹಿಂತಿರುಗಿ ತಂದೆ ತಾಯಿಯರ ಮುಖ ನೋಡುತ್ತದೆ. ಆ ಮುಖ ಏನು ಹೇಳುತ್ತದೆ ಎಂಬುದರಲ್ಲಿ ಆ ದಿನದ ಪ್ರವಾಸದ ಫಲವೆಲ್ಲ ಅಡಗಿದೆ.

ನಲ್ಲೂರಿನ ತೋಪು ಸಾಧಾರಣ ತೋಪಲ್ಲ. ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ 2007ರಲ್ಲಿ ಘೋಷಿತವಾದ, ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅದು. ಸುಮಾರು 54 ಎಕರೆಯಲ್ಲಿ ಮುನ್ನೂರರ ಸಮೀಪದ ಮರಗಳು ಹರಡಿಕೊಂಡಿವೆ. ಕೆಲವು ಮರಗಳು ಶತಮಾನಗಳನ್ನು ಕಂಡಂಥವು. ಒಡಲು ಪೊಳ್ಳಾಗಿದ್ದರೂ ತುದಿಯಲ್ಲಿ ಹಸಿರು ಬಿಟ್ಟಿಲ್ಲ. ನಡುವೆ ಶಿಥಿಲವಾದ ಹಳೆಯ ಗುಡಿ. ಇಂಥ ಮರದ ಕೆಳಗೆ ನಿಂತ ಐದು ವರ್ಷದ ಮಗುವಿಗೆ ಕಾಯ್ದೆಯ ಹೆಸರು ಹೇಳಿ ಪ್ರಯೋಜನವಿಲ್ಲ. ಅದಕ್ಕೆ ಬೇಕಾದುದು ಕಥೆ. ಮರದ ಕೆಳಗೆ ನಿಂತು ಹೇಳಲೆಂದೇ ಹುಟ್ಟಿದಂಥ ಕಥೆಯೊಂದು ಜೈನ ಪರಂಪರೆಯಲ್ಲಿದೆ.

ಆರು ಜನ ದಾರಿಹೋಕರು ಕಾಡಿನಲ್ಲಿ ಹಸಿದು ಬಳಲಿದ್ದರು. ಹಣ್ಣು ತುಂಬಿದ ನೇರಳೆ ಮರವೊಂದು ಕಾಣಿಸಿತು. ಮೊದಲನೆಯವನು ಮರವನ್ನು ಬುಡಸಹಿತ ಕಡಿದು ಉರುಳಿಸೋಣ ಎಂದ. ಎರಡನೆಯವನು ಹಿರಿಯ ಕೊಂಬೆಗಳನ್ನು ಕಡಿದರೆ ಸಾಕು ಎಂದ. ಮೂರನೆಯವನಿಗೆ ಸಣ್ಣ ರೆಂಬೆಗಳು ಸಾಕೆನಿಸಿತು. ನಾಲ್ಕನೆಯವನು ಗೊಂಚಲುಗಳನ್ನಷ್ಟೇ ಕೇಳಿದ. ಐದನೆಯವನು ಮಾಗಿದ ಹಣ್ಣನ್ನು ಮಾತ್ರ ಆರಿಸಿ ಕೀಳೋಣ ಎಂದ. ಆರನೆಯವನು ಏನನ್ನೂ ಕೀಳದೆ, ನೆಲಕ್ಕೆ ಬಿದ್ದ ಹಣ್ಣುಗಳನ್ನು ತೋರಿಸಿ, ಹಸಿವಿಗೆ ಇಷ್ಟು ಸಾಲದೇ ಎಂದು ಕೇಳಿದ. ಆರು ಜನರ ಹಸಿವು ಒಂದೇ, ಮರವೂ ಒಂದೇ. ಬೇರೆಯಾಗಿದ್ದುದು ಮನಸ್ಸಿನ ಬಣ್ಣ ಮಾತ್ರ. ಈ ಬಣ್ಣಗಳನ್ನೇ ಶಾಸ್ತ್ರವು ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಷಡ್ಲೇಶ್ಯೆಗಳೆಂದು ಕರೆಯುತ್ತದೆ. ಶ್ರವಣಬೆಳಗೊಳದ ಜೈನ ಮಠದ ಗೋಡೆಯ ಮೇಲೆ ಈ ಮರವೂ ಅದರ ಆರು ಜನರೂ ಚಿತ್ರಗಳಾಗಿ ಉಳಿದಿದ್ದಾರೆ. ಅಕ್ಷರ ಬಾರದ ಮಗುವೂ ಓದಬಲ್ಲ ಪಾಠವದು.

ಕಥೆ ಕೇಳಿದ ಮಗು ಒಡನೆ ಆರನೆಯವನ ಪಕ್ಷ ವಹಿಸುತ್ತದೆ. ಕೈಯ ಕಲ್ಲನ್ನು ಕೆಳಗಿಟ್ಟು, ಬಿದ್ದ ಹಣ್ಣು ಆರಿಸಲು ಓಡುತ್ತದೆ. ಅಲ್ಲಿಗೆ ಪಾಠ ಮುಗಿಯಿತೇ? ಇಲ್ಲ. ಅಚೌರ್ಯ ವ್ರತವನ್ನು ವಿವರಿಸುವಾಗ ಆಚಾರ್ಯ ಸಮಂತಭದ್ರರು, ಪರರ ವಸ್ತು ಕೆಳಗೆ ಬಿದ್ದಿದ್ದರೂ, ಅವರು ಮರೆತು ಬಿಟ್ಟಿದ್ದರೂ, ಕೊಡದೆ ತೆಗೆದುಕೊಳ್ಳಬಾರದು ಎನ್ನುತ್ತಾರೆ. ಕಾಡಿನ ನೇರಳೆಗೆ ಒಡೆಯನಿಲ್ಲ; ಊರ ತೋಪಿನ ಹುಣಸೆಗೆ ಊರೇ ಒಡೆಯ. ಆದುದರಿಂದ ಮಗು ಅಲ್ಲಿ ಕಾಣುವ ಗ್ರಾಮಸ್ಥರೊಬ್ಬರನ್ನು ‘ಒಂದು ತೆಗೆದುಕೊಳ್ಳಲೇ?’ ಎಂದು ಕೇಳಬೇಕು. ಕೇಳಿದರೆ ಒಂದರ ಬದಲು ಬೊಗಸೆ ತುಂಬ ಸಿಕ್ಕೀತು. ಬೇಡವೆಂದರೂ ನಷ್ಟವಿಲ್ಲ. ಈ ನೆಲ ಖಾಲಿಯಲ್ಲ, ಇಲ್ಲಿ ಬಾಳುವ ಜನರಿದ್ದಾರೆ ಎಂಬ ಅರಿವು ಹುಣಸೆಹಣ್ಣಿಗಿಂತ ದೊಡ್ಡ ಲಾಭ. ಹಳ್ಳಿಯನ್ನು ತನ್ನ ಬಿಡುವಿನ ಬಯಲೆಂದಷ್ಟೇ ತಿಳಿದು ಬೆಳೆಯುವ ನಗರದ ಮಗುವಿಗೆ ಈ ಅರಿವು ಅತ್ಯಂತ ಅವಶ್ಯ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಅನರ್ಥವೆಂದರೆ ಪ್ರಯೋಜನವಿಲ್ಲದ್ದು, ದಂಡವೆಂದರೆ ಜೀವಕ್ಕೆ ಕೊಡುವ ಪೀಡೆ. ಉಣ್ಣಲು, ಉಡಲು, ಬದುಕಲು ಗೃಹಸ್ಥನಿಂದ ಅನಿವಾರ್ಯವಾಗಿ ಆಗುವ ಹಿಂಸೆ ಬೇರೆ. ಯಾವ ಅಗತ್ಯವೂ ಇಲ್ಲದೆ, ಸುಮ್ಮನೆ, ಕೈ ಬಿಡುವಿದೆಯೆಂದು ಆಗುವ ಹಿಂಸೆ ಬೇರೆ. ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು ಇವೆಲ್ಲ ಪ್ರಮಾದಚರ್ಯೆ ಎಂಬ ಅನರ್ಥದಂಡಕ್ಕೆ ಸೇರುತ್ತವೆ. ಈ ಪಟ್ಟಿಯನ್ನು ಇಂದು ಓದಿದರೆ ಯಾವುದಾದರೂ ಪ್ರವಾಸಿ ತಾಣದ ಭಾನುವಾರ ಸಂಜೆಯ ವರ್ಣನೆಯಂತೆ ಕಾಣುತ್ತದೆ.

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪ ಏಳುತ್ತದೆ. ಮಕ್ಕಳ ಆಟಕ್ಕೆ ಪ್ರಯೋಜನವೆಂಬುದೇ ಇರುವುದಿಲ್ಲ. ಮರಳಿನಲ್ಲಿ ಗುಂಡಿ ತೋಡುವ, ನೀರಿನಲ್ಲಿ ಕಾಲು ಬಡಿಯುವ, ಕಾರಣವಿಲ್ಲದೆ ಓಡಿ ಕಾರಣವಿಲ್ಲದೆ ನಗುವ ಮಗುವಿಗೆ ಈ ವ್ರತ ಏನು ಹೇಳುತ್ತದೆ? ಹೆಜ್ಜೆ ಹೆಜ್ಜೆಗೂ ‘ಬೇಡ’ ಎನ್ನುವ ಹಿರಿಯರ ಜೊತೆ ಹೊರಟ ಮಗು ಧರ್ಮವನ್ನು ಪ್ರೀತಿಸೀತೇ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಆ ಪದದ ಎರಡು ಭಾಗಗಳನ್ನು ಬಿಡಿಸಿ ನೋಡಿದರೆ ಉತ್ತರ ಅಲ್ಲಿಯೇ ಇದೆ. ಆಟ ಅನರ್ಥವಾಗಿರಬಹುದು, ಅದು ದಂಡವಾಗಬಾರದು. ಪ್ರಯೋಜನವಿಲ್ಲದ ನಲಿವು ದೋಷವಲ್ಲ. ಆ ನಲಿವಿನ ಬೆಲೆಯನ್ನು ಮತ್ತೊಂದು ಜೀವದಿಂದ ವಸೂಲು ಮಾಡುವುದು ದೋಷ. ಒಣ ಮರಳಿನಲ್ಲಿ ಮನೆ ಕಟ್ಟಿದರೆ ಆಟ. ಇರುವೆಯ ಗೂಡನ್ನು ಕಡ್ಡಿಯಿಂದ ಕೆದಕಿದರೆ ದಂಡ. ಕೆರೆಯಂಚಿನ ಹಕ್ಕಿಯನ್ನು ಉಸಿರು ಬಿಗಿಹಿಡಿದು ನೋಡಿದರೆ ಆಟ. ಅದು ಹಾರುವುದನ್ನು ನೋಡಲೆಂದು ಚಪ್ಪಾಳೆ ತಟ್ಟಿದರೆ ದಂಡ. ಎರಡರಲ್ಲೂ ಮಗುವಿನ ಕುತೂಹಲ ಒಂದೇ. ಅದನ್ನು ಯಾವ ಕಡೆಗೆ ತಿರುಗಿಸುವುದೆಂಬುದು ಹಿರಿಯರ ಕೈಯಲ್ಲಿದೆ.

ಹಿರಿಯರ ಕೈಯಲ್ಲಿ ಎನ್ನುವುದಕ್ಕೆ ಶಾಸ್ತ್ರದ ಆಧಾರವೂ ಇದೆ. ಎಂಟು ವರ್ಷ ತುಂಬುವವರೆಗೆ ಮಗು ಸ್ವತಃ ವ್ರತ ಸ್ವೀಕರಿಸಲು ಅರ್ಹವಲ್ಲ, ಅದುವರೆಗೆ ಅದರ ಆಚಾರದ ಹೊಣೆ ಪಾಲಕರದು ಎಂಬುದು ಸಂಪ್ರದಾಯ. ಅಲ್ಲದೆ ಜೈನ ದರ್ಶನ ಕರ್ಮದ ಲೆಕ್ಕವನ್ನು ಮೂರು ಬಾಗಿಲುಗಳಲ್ಲಿ ಇಡುತ್ತದೆ: ತಾನು ಮಾಡಿದ್ದು ಕೃತ, ಪರರಿಂದ ಮಾಡಿಸಿದ್ದು ಕಾರಿತ, ಪರರು ಮಾಡಿದಾಗ ಮೆಚ್ಚಿದ್ದು ಅನುಮೋದನ. ಕಲ್ಲೆಸೆದ ಮಗುವಿನದು ಕೃತ. ‘ಇನ್ನೂ ಸ್ವಲ್ಪ ಮೇಲೆ ಗುರಿಯಿಡು’ ಎಂದ ತಂದೆಯದು ಕಾರಿತ. ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು ನಕ್ಕವರದು ಅನುಮೋದನ. ಮಗುವಿಗೆ ತಾನೇನು ಮಾಡಿದೆನೆಂಬ ತಿಳಿವಳಿಕೆ ಇರಲಿಲ್ಲ, ಉಳಿದವರಿಗೆ ಇತ್ತು. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಹಿಂಸಾದಾನವೆಂದು ಪ್ರತ್ಯೇಕವಾಗಿ ಹೆಸರಿಸಿದ ಆಚಾರ್ಯರು ಖಡ್ಗ, ಕೊಡಲಿ, ಬೆಂಕಿಗಳನ್ನು ಉದಾಹರಿಸಿದರು. ಇಂದು ಆ ಸಾಲಿಗೆ ಕವಣೆಯನ್ನೂ, ಕೋತಿಗೆ ಎಸೆಯಲೆಂದು ಮಗುವಿಗೆ ಕೊಡುವ ಕುರುಕಲು ತಿಂಡಿಯ ಪೊಟ್ಟಣವನ್ನೂ ಸೇರಿಸಬೇಕಾಗಿದೆ.

ಕೋತಿಯ ಮಾತು ಬಂದಾಗ ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿರುವ, ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟ ನೆನಪಾಗುತ್ತದೆ. ಮೆಟ್ಟಿಲ ದಾರಿಯ ಉದ್ದಕ್ಕೂ ಕೋತಿಗಳ ಹಿಂಡು. ಪೊಟ್ಟಣದ ತಿಂಡಿ ಕೊಡುವುದನ್ನು ದಾನವೆಂದೇ ಅನೇಕರು ಭಾವಿಸಿದ್ದಾರೆ. ಆ ತಿಂಡಿ ಕಾಡಿನ ಜೀವಿಯನ್ನು ಮನುಷ್ಯನ ಕೈಗೆ ಕಾಯುವಂತೆ ಮಾಡುತ್ತದೆ. ಕೈ ಖಾಲಿಯಿದ್ದ ದಿನ ಅದು ಕಸಿಯಲು ಬರುತ್ತದೆ. ಕಸಿದಾಗ ಮಗು ಅಳುತ್ತದೆ. ಅತ್ತಾಗ ಕೋಲು ಎತ್ತಲಾಗುತ್ತದೆ. ಕರುಣೆಯಿಂದ ಆರಂಭವಾದುದು ಕೋಲಿನಲ್ಲಿ ಮುಗಿಯುತ್ತದೆ. ಜೈನ ಧರ್ಮ ದಾನದಲ್ಲಿಯೂ ವಿವೇಕವನ್ನು ಕೇಳುವುದು ಇದಕ್ಕಾಗಿಯೇ. ಆಹಾರದಾನದಂತೆ ಅಭಯದಾನವೂ ದಾನವೇ. ಬೆಟ್ಟದ ಕೋತಿಗೆ ಮನುಷ್ಯ ಕೊಡಬಹುದಾದ ಶ್ರೇಷ್ಠ ದಾನವೆಂದರೆ ಅದರ ಪಾಡಿಗೆ ಅದನ್ನು ಬಿಡುವುದು.

ಸುಮಾರು 4,500 ಅಡಿ ಎತ್ತರದ ಆ ಬೆಟ್ಟದ ನೆತ್ತಿಯಲ್ಲಿ ಜೈನರ ನೆನಪೂ ಒಂದು ನಿಂತಿದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ಅಲ್ಲಿನ ಪ್ರಪಾತದಿಂದ ಧುಮುಕಿದಳೆಂದು ಜನ ಹೇಳುತ್ತಾರೆ. ಆ ಅಂಚಿಗೆ ಆಕೆಯ ಹೆಸರನ್ನೇ ಇಡಲಾಗಿದೆ. ಬಂಡೆಯ ತುದಿಯಲ್ಲಿ ನಿಂತು ಆರು ವರ್ಷದ ಮಗುವಿಗೆ ಹಿರಿಯರು ಇದೇ ಕಥೆಯನ್ನು ರೋಚಕವಾಗಿ ವರ್ಣಿಸುವುದುಂಟು. ಆದರೆ ಶ್ರವಣಬೆಳಗೊಳದ ಶಾಸನ ಹೇಳುವುದು ಆಕೆ 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದಷ್ಟೇ. ಪ್ರಪಾತದ ಮಾತು ಅದರಲ್ಲಿಲ್ಲ. ಮನಸ್ಸನ್ನು ಕಲಕುವ ಕಥೆಯನ್ನು ಹೇಳುವುದು, ಕೇಳುವುದು ದುಃಶ್ರುತಿ. ಅದೂ ಅನರ್ಥದಂಡಗಳಲ್ಲಿ ಒಂದು. ಎಳೆಯ ಮನಸ್ಸಿಗೆ ಸಾವಿನ ಚಿತ್ರವೊಂದನ್ನು ಅಂಟಿಸಿ ಕಳುಹಿಸುವುದರಿಂದ ಯಾರಿಗೆ ಏನು ಲಾಭ?

ಶಾಂತಲೆಯ ಬಗೆಗೆ ಮಗುವಿಗೆ ಹೇಳಬೇಕಾದ ನಿಜವಾದ ಕಥೆ ಇದಕ್ಕಿಂತ ಸುಂದರವಾಗಿದೆ. ಆಕೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಗಂಡ ವಿಷ್ಣುಭಕ್ತಿಗೆ ಒಲಿದವನೆಂದು ಪ್ರಸಿದ್ಧಿ. ಆಕೆ ತಾಯಿಯ ಧರ್ಮವನ್ನು ಕೈಬಿಡದೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ಕೊನೆಯುಸಿರು ಎಳೆದುದು ಶೈವಕ್ಷೇತ್ರದಲ್ಲಿ. ಒಂದೇ ಮನೆಯಲ್ಲಿ ಮೂರು ಪೂಜೆಗಳು ನಡೆದರೂ ಮನೆ ಒಡೆಯಲಿಲ್ಲ. ‘ನಿನ್ನ ಗೆಳೆಯ ಬೇರೆ ದೇವರಿಗೆ ಕೈ ಮುಗಿದರೂ ನಿನ್ನ ಗೆಳೆಯನೇ’ ಎಂಬುದನ್ನು ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಅನೇಕಾಂತವೆಂಬ ದೊಡ್ಡ ಮಾತನ್ನು ಬಳಸದೆಯೇ ಅದರ ತಿರುಳನ್ನು ಮಗುವಿನ ಅಂಗೈಯಲ್ಲಿ ಇಟ್ಟಂತಾಗುತ್ತದೆ.

ಪುಟ್ಟ ಮಕ್ಕಳೊಡನೆ ಬೆಟ್ಟ ಹತ್ತಿದವರು ಬಲ್ಲರು: ಹಿರಿಯರು ಶಿಖರಕ್ಕಾಗಿ ಹತ್ತುತ್ತಾರೆ, ಮಗು ಮೆಟ್ಟಿಲಿಗಾಗಿ ಹತ್ತುತ್ತದೆ. ನಾಲ್ಕು ಮೆಟ್ಟಿಲು ಏರಿ, ಸಾಲುಹೊರಟ ಇರುವೆಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತದೆ. ‘ಬೇಗ ಬಾ, ಬಿಸಿಲೇರುತ್ತದೆ’ ಎಂದು ಕೈ ಹಿಡಿದೆಳೆಯುವ ತಾಯಿ ತಿಳಿಯದೆಯೇ ಒಂದು ಸಾಧನೆಗೆ ಅಡ್ಡಿಯಾಗುತ್ತಾಳೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಯಾವ ಜೀವಿಗೂ ನೋವಾಗದಂತೆ ಹೆಜ್ಜೆಯಿಡುವುದು ಮುನಿಗಳ ಈರ್ಯಾ ಸಮಿತಿ. ಮುನಿಯು ದೀಕ್ಷೆಯ ಬಳಿಕ ಅಭ್ಯಾಸದಿಂದ ಪಡೆಯುವ ಆ ನೋಟ ಮಗುವಿಗೆ ಎತ್ತರದಿಂದಲೇ ಸಹಜವಾಗಿ ಬಂದಿದೆ. ಅದರ ಕಣ್ಣು ನೆಲಕ್ಕೆ ಹತ್ತಿರ. ಆ ನೋಟವನ್ನು ಅವಸರದಲ್ಲಿ ಕಿತ್ತುಕೊಳ್ಳದಿದ್ದರೆ ಸಾಕು. ಶಿಖರ ತಪ್ಪಿದರೆ ತಪ್ಪಲಿ. ಬೆಟ್ಟ ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ, ಮಗುವಿಗೆ ಮಾತ್ರ ಈ ವಯಸ್ಸು ಇರುವುದಿಲ್ಲ.

ಇನ್ನು ಎಷ್ಟು ದೂರ ಹೋಗಬೇಕು, ಎಷ್ಟು ಹೊತ್ತು ಇರಬೇಕು ಎಂಬ ಪ್ರಶ್ನೆ. ಇದಕ್ಕೂ ಶ್ರಾವಕಾಚಾರದಲ್ಲಿ ಸರಳವಾದ ಅಳತೆಗೋಲುಗಳಿವೆ. ಸಂಚಾರಕ್ಕೆ ದಿಕ್ಕುಗಳ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯ ಒಳಗೂ ನಿಯತ ಕಾಲಕ್ಕೆ ಮತ್ತಷ್ಟು ಕಿರಿದಾದ ಎಲ್ಲೆ ಹಾಕಿಕೊಳ್ಳುವುದು ದೇಶವ್ರತ. ದೂರದ ಊರಿನ ದುಬಾರಿ ರೆಸಾರ್ಟಿನ ಚಿತ್ರ ಕಂಡು ಹಂಬಲಿಸುವ ಕುಟುಂಬಕ್ಕೆ ಈ ವ್ರತ ಹೇಳುವುದಿಷ್ಟೇ: ಹತ್ತಿರದಲ್ಲಿರುವುದನ್ನು ಮೊದಲು ನೋಡಿ. ದೇವನಹಳ್ಳಿಯ ಕೋಟೆಯ ಗೋಡೆ, ಹೊಸಕೋಟೆಯ ಕೆರೆಯ ಏರಿ, ದೊಡ್ಡಬಳ್ಳಾಪುರದ ಮಗ್ಗದ ಬೀದಿ, ಚಕ್ಕೋತದ ಗಿಡ ಬೆಳೆದ ಹಿತ್ತಿಲು. ಮಗುವಿನ ಬೆರಗಿಗೆ ಇವು ಧಾರಾಳ. ಹಾಗೆಯೇ ರಾತ್ರಿಭೋಜನ ತ್ಯಾಗದ ನಿಯಮ ಪ್ರವಾಸಕ್ಕೆ ತಾನೇ ತಾನಾಗಿ ಗಡಿ ಹಾಕುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣಬೇಕೆಂದರೆ ಹೊತ್ತಿಗೆ ಹೊರಡಬೇಕು, ಹೊತ್ತಿಗೆ ಮರಳಬೇಕು. ಮನೆಯ ಬುತ್ತಿ, ಮನೆಯ ನೀರು, ಖಾಲಿಯಾದ ಡಬ್ಬಿ ಮತ್ತೆ ಮನೆಗೇ. ದಣಿದು ರಚ್ಚೆ ಹಿಡಿಯುವ ಮೊದಲೇ ಮಗು ಹಾಸಿಗೆ ಸೇರುತ್ತದೆ.

ಆ ಹಾಸಿಗೆಯ ಬಳಿ ಮಾಡಬೇಕಾದ ಕೆಲಸವೊಂದು ಉಳಿದಿದೆ. ದಿನದ ದೋಷಗಳನ್ನು ಸಂಜೆ ನೆನೆದು ಹಿಂದಿರುಗುವುದು ಪ್ರತಿಕ್ರಮಣ. ದೊಡ್ಡವರ ಪಾಠಗಳು ಮಗುವಿಗೆ ಬಾರವು. ಆದರೆ ‘ಇವತ್ತು ನಮ್ಮಿಂದ ಯಾರಿಗೆ ನೋವಾಯಿತು?’ ಎಂಬ ಪ್ರಶ್ನೆ ಅದಕ್ಕೆ ಅರ್ಥವಾಗುತ್ತದೆ. ಉತ್ತರವನ್ನು ಮೊದಲು ಹೇಳಬೇಕಾದವರು ತಂದೆ ತಾಯಿಯರು. ‘ದಾರಿಯಲ್ಲಿ ಅಡ್ಡ ಬಂದ ನಾಯಿಯ ಮೇಲೆ ನಾನು ರೇಗಿದೆ’, ‘ಅವಸರದಲ್ಲಿ ನಿನ್ನ ಕೈಯನ್ನು ಜೋರಾಗಿ ಎಳೆದೆ’ ಎಂದು ಹಿರಿಯರು ಒಪ್ಪಿಕೊಂಡರೆ, ಮಗು ತನ್ನ ಲೆಕ್ಕವನ್ನು ತಾನೇ ತೆರೆದಿಡುತ್ತದೆ. ಹಾಗೆ ಕ್ಷಮೆ ಕೇಳುವ ಹಿರಿಯರನ್ನು ಕಂಡ ಮಗುವಿಗೆ ಕ್ಷಮೆಯೆಂಬುದು ಪರ್ಯೂಷಣದ ಕೊನೆಗೆ ಒಂದು ದಿನ ಆಡುವ ಮಾತಾಗಿ ಉಳಿಯದೆ ಮನೆಯ ರೂಢಿಯಾಗುತ್ತದೆ.

ನಲ್ಲೂರಿನ ಹುಣಸೆಗಳು ಎಷ್ಟೋ ತಲೆಮಾರುಗಳ ಮಕ್ಕಳನ್ನು ನೋಡಿವೆ. ಅವುಗಳ ಕೆಳಗೆ ಆರೂ ಬಣ್ಣದ ಮನಸ್ಸಿನವರು ನಿಂತು ಹೋಗಿರಬೇಕು. ಇಂದಿಗೂ ಅವು ನಿಂತಿರುವುದಕ್ಕೆ ಕೊಡಲಿ ಹಿಡಿಯದೆ ಹೋದವರೇ ಕಾರಣ. ಇಂದು ಕಲ್ಲು ಹಿಡಿದು ಹಿಂತಿರುಗಿ ನೋಡುತ್ತಿರುವ ಮಗು ನಾಳೆ ಆ ಆರು ಜನರಲ್ಲಿ ಯಾರಾಗುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ತೀರ್ಮಾನಿಸಲಾರದು. ಅದು ನೋಡುತ್ತಿರುವ ಮುಖ ತೀರ್ಮಾನಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೊರಡುವ ಮುನ್ನ ಹಿರಿಯರು ಬುತ್ತಿಯ ಜೊತೆಗೆ ಸಿದ್ಧಪಡಿಸಿಕೊಳ್ಳಬೇಕಾದುದು ಆ ಮುಖವನ್ನೇ.