ಹತ್ತರ ನಾಣ್ಯ, ಹತ್ತೂರ ಗಾಳಿಮಾತು

ಬಸ್‌ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಯ ನಾಣ್ಯಕ್ಕೆ ಆಗುವ ಅವಮಾನ ಹರಕು ನೋಟಿಗೂ ಆಗುವುದಿಲ್ಲ. ಹರಕು ನೋಟನ್ನು ಮಡಚಿ, ಇನ್ನೊಂದು ನೋಟಿನ ಮಧ್ಯೆ ತೂರಿಸಿ ಹೇಗೋ ದಾಟಿಸಬಹುದು. ನಾಣ್ಯವನ್ನು ಮುಚ್ಚಿಡೋದು ಹೇಗೆ? ಕಂಡಕ್ಟರ್ ಅಂಗೈಯಲ್ಲಿ ಬಿದ್ದದ್ದನ್ನು ನೋಡಿ, 'ಇದು ನಡೆಯಲ್ಲ ಸ್ವಾಮಿ, ನೋಟು ಕೊಡಿ' ಅನ್ನುತ್ತಾನೆ. ಪ್ರಯಾಣಿಕ ಇಳಿದು ಹೂವಿನವಳ ಹತ್ತಿರ ಹೋದರೆ ಅವಳೂ ಒಲ್ಲೆ ಅನ್ನುತ್ತಾಳೆ. ಟೀ ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ರೂಪಾಯಿ ಚಿಹ್ನೆ ಇಲ್ಲ, ಡೂಪ್ಲಿಕೇಟು ಎಂದು ತೀರ್ಪು ಕೊಡುತ್ತಾನೆ. ರಾಜ್ಯದ ಹಲವು ಪೇಟೆಗಳಲ್ಲಿ ವರ್ಷಾನುಗಟ್ಟಲೆಯಿಂದ ನಡೆದುಬಂದ ನಾಟಕ ಇದು.

ಸತ್ಯ ಏನು ಅನ್ನೋದು ಗುಟ್ಟೇನಲ್ಲ. ರೂಪಾಯಿ ಚಿಹ್ನೆ ಹುಟ್ಟಿದ್ದೇ 2010ರ ಜುಲೈನಲ್ಲಿ. ನಾಣ್ಯಗಳ ಮೇಲೆ ಅದು ಬಂದದ್ದು 2011ರಿಂದ. ಅದಕ್ಕೂ ಮುಂಚೆ ಟಂಕಿಸಿದ ನಾಣ್ಯದಲ್ಲಿ ಚಿಹ್ನೆ ಎಲ್ಲಿಂದ ಬರಬೇಕು? ರಿಸರ್ವ್ ಬ್ಯಾಂಕು ಇದನ್ನು 2016ರ ನವೆಂಬರಿನಲ್ಲೇ ಹೇಳಿತು. 2018ರ ಜನವರಿ 17ರಂದು ಮತ್ತೊಂದು ಪ್ರಕಟಣೆ ಕೊಟ್ಟು, ಅಲ್ಲಿಯವರೆಗೆ ಬಂದ 14 ಬಗೆಯ ಹತ್ತರ ನಾಣ್ಯಗಳೂ ಚಲಾವಣೆಯಲ್ಲಿವೆ, ಹಿಂಜರಿಯದೆ ತೆಗೆದುಕೊಳ್ಳಿ ಎಂದಿತು. 2019ರಲ್ಲಿ ಪುನಃ ಅದೇ ಮಾತು. 2011ರ ನಾಣ್ಯ ಕಾಯಿದೆಯಂತೂ ಒಂದು ರೂಪಾಯಿಯಿಂದ ಮೇಲಿನ ನಾಣ್ಯಗಳನ್ನು 1000 ರೂಪಾಯಿಯವರೆಗಿನ ಪಾವತಿಗೆ ಕೊಡಬಹುದು ಎನ್ನುತ್ತದೆ. ಇಷ್ಟೆಲ್ಲಾ ಆದರೂ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ನಾಣ್ಯ ಕೊಳೆಯುತ್ತಲೇ ಇದೆ.

ಇನ್ನೊಂದು ತಮಾಷೆ ಕೇಳಿ. ನಾಣ್ಯ ಬೇಡ ಅಂದರೆ ದೇಶದ್ರೋಹದ ಕೇಸು ಬೀಳುತ್ತದೆ ಎಂಬ ಸಂದೇಶವೂ ಫೋನಿಂದ ಫೋನಿಗೆ ಹಾರಾಡಿತು. ರಿಸರ್ವ್ ಬ್ಯಾಂಕಿನ ಪ್ರಕಟಣೆಗಳಲ್ಲಿ ಅಂಥ ಮಾತೇ ಇಲ್ಲ. ಒಂದು ಗಾಳಿಮಾತನ್ನು ಓಡಿಸಲು ಇನ್ನೊಂದು ಗಾಳಿಮಾತು!

ಅಂಗಡಿಯವರೆಲ್ಲ ದಡ್ಡರು ಅಂತ ಯಾರಾದರೂ ಭಾವಿಸಿದರೆ ಅದು ತಪ್ಪು. ಬಹಳ ಮಂದಿಗೆ ನಾಣ್ಯ ಅಸಲಿ ಅಂತ ಗೊತ್ತಿದೆ. 'ನಾನೇನೋ ತಗೋತೀನಿ, ನನ್ನ ಹತ್ರ ಯಾರು ತಗೋತಾರೆ?' ಎಂಬುದು ಅವರ ಪ್ರಶ್ನೆ. ಇದು ವ್ಯಾಪಾರಿಯ ಲೆಕ್ಕ, ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಗಿರಾಕಿ ನಂಬುವುದಿಲ್ಲ ಅಂತ ಅಂಗಡಿಯವನು ಬಿಡುತ್ತಾನೆ, ಅಂಗಡಿಯವನು ಬಿಡುತ್ತಾನೆ ಅಂತ ಗಿರಾಕಿ ಬಿಡುತ್ತಾನೆ. ಯಾರೂ ನಂಬದ ಸುಳ್ಳೊಂದು ಹೀಗೆ ಪೇಟೆಯನ್ನು ಆಳುತ್ತದೆ. ಆದ್ದರಿಂದ ಒಬ್ಬೊಬ್ಬರ ಕಿವಿಯಲ್ಲಿ ಸತ್ಯ ಊದಿದರೆ ಸಾಲದು. ಎಲ್ಲರೂ ಕೇಳಿದರು ಎಂಬುದು ಎಲ್ಲರಿಗೂ ಕಾಣಬೇಕು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ ಆಗಬೇಕಾದ ಕೆಲಸ ಇದು.

ನಾಣ್ಯದ ವಿಷಯ ಹತ್ತು ರೂಪಾಯಿಗೆ ಮುಗಿಯಿತು, ಹೋಗಲಿ ಬಿಡಿ ಅನ್ನಬಹುದು. ಅದೇ ರೋಗ ಇನ್ನೊಂದು ಕಡೆ ತಿರುಗಿದಾಗ ಹೆಣ ಬಿದ್ದಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಎರಡು ತಿಂಗಳು ಕಳೆಯುವುದರೊಳಗೆ, ಜುಲೈ 13ರಂದು, ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಅದೇ ಕತೆ. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ನೆಪ. ಅವರ ಕಾರಿಗಿಂತ ಮುಂಚೆ ವಾಟ್ಸ್ಯಾಪಿನಲ್ಲಿ ಸುದ್ದಿ ಮುರ್ಕಿ ತಲುಪಿತ್ತು. ಜನ ದಾರಿ ಕಟ್ಟಿ ಕಾದಿದ್ದರು. ಒಬ್ಬ ಇಂಜಿನಿಯರ್ ಸತ್ತ, ಜೊತೆಗಾರರು ಪೆಟ್ಟು ತಿಂದರು, ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಹೊಡೆದವರಲ್ಲಿ ಎಷ್ಟು ಜನ ತಮ್ಮೂರಿನ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದರೋ.

ಆ ವರ್ಷ ದೇಶದ ತುಂಬಾ ತಿರುಗಿದ ವಿಡಿಯೋ ಒಂದಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ಎದೆ ಧಸಕ್ ಎನ್ನುವಂತಿತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಮೇಲೆ ಕಣ್ಣಿಡಿ ಎಂದು ತಾಯ್ತಂದೆಯರಿಗೆ ಹೇಳಲು ತೆಗೆದ ತಿಳುವಳಿಕೆಯ ಚಿತ್ರ. ಅಸಲಿ ಚಿತ್ರದ ಕೊನೆಯಲ್ಲಿ ಅದೇ ಬೈಕು ವಾಪಸು ಬರುತ್ತದೆ, ಮಗುವನ್ನು ಇಳಿಸಿ ಬೋರ್ಡು ತೋರಿಸುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿದರು. ಸುಳ್ಳು ಚಿತ್ರ ತೆಗೆಯುವ ಕಷ್ಟವೂ ಬೇಕಾಗಲಿಲ್ಲ, ಒಂದು ಕತ್ತರಿ ಸಾಕಾಯಿತು. ಈಗಂತೂ ಕಂಪ್ಯೂಟರೇ ಇಲ್ಲದ ಮುಖ, ಆಡದ ಮಾತು ಎಲ್ಲಾ ಹುಟ್ಟಿಸಿಕೊಡುತ್ತದೆ.

ಸರಕಾರ, ಕಂಪನಿ ಏನೂ ಮಾಡಲಿಲ್ಲ ಅಂತಲ್ಲ. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗ, ಕೇಂದ್ರ ಸರಕಾರ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಒಟ್ಟಿಗೆ ಕಳಿಸದಂತೆ ಕೆಲವು ದಿನ ಕಟ್ಟು ಹಾಕಿತು. 2018ರ ಜುಲೈನಲ್ಲಿ ವಾಟ್ಸ್ಯಾಪ್ ಕಂಪನಿಯೂ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ದಾಟಿಸುವಂತೆ ಮಿತಿ ತಂದಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವಾದರೆ ಒಂದೇ ಕಡೆಗೆ ಅಂತ ಬಿಗಿ ಮಾಡಿತು. ಅಂಥ ಸಂದೇಶದ ನೆತ್ತಿಯ ಮೇಲೆ ಜೋಡಿ ಬಾಣದ ಗುರುತು ಇರುತ್ತದೆ. ದಿನಾ ನೂರು ಸಲ ಫೋನು ನೋಡುವವರಲ್ಲಿ ಆ ಜೋಡಿ ಬಾಣ ಏನು ಹೇಳುತ್ತದೆ ಅಂತ ಎಷ್ಟು ಜನಕ್ಕೆ ಗೊತ್ತು?

ಹಾಗಂತ ಪರೀಕ್ಷೆ ಮಾಡುವ ಬುದ್ಧಿ ಪೇಟೆಗೆ ಹೊಸದಲ್ಲ. ಗಿರಾಕಿ 40 ರೂಪಾಯಿ ಕಳಿಸಿದೆ ಅಂತ ಫೋನಿನ ಸ್ಕ್ರೀನ್‌ಶಾಟ್ ಎತ್ತಿ ತೋರಿಸಿದರೆ ಕಿರಾಣಿ ಅಂಗಡಿಯವರು ನಂಬುತ್ತಾರೆಯೇ? ಡಬ್ಬಿ ಕೂಗುವ ತನಕ ಸಾಮಾನು ಕೈಗೆ ಕೊಡುವುದಿಲ್ಲ. ಡಬ್ಬಿ ಕೆಟ್ಟಿದ್ದರೆ ತಮ್ಮ ಬ್ಯಾಂಕಿನ ಮೆಸೇಜು ನೋಡುತ್ತಾರೆ. ಇದನ್ನು ಯಾವ ಕಾಲೇಜೂ ಕಲಿಸಲಿಲ್ಲ, ನಾಲ್ಕು ಸಲ ಟೋಪಿ ಬಿದ್ದ ಮೇಲೆ ತಾವೇ ಕಲಿತರು. ತೋರಿಸುವವನ ಫೋನನ್ನಲ್ಲ, ಮೂಲವನ್ನು ನೋಡು ಎಂಬುದೇ ಆ ಪಾಠ. 40 ರೂಪಾಯಿಗೆ ಇರುವ ಈ ಎಚ್ಚರ ಮಕ್ಕಳ ಕಳ್ಳರ ವಿಡಿಯೋ ಬಂದಾಗ ಯಾಕೆ ಮಲಗಿಬಿಡುತ್ತದೆ?

ಎಚ್ಚರಿಸಲು ಸಾಧ್ಯ ಅನ್ನುವುದಕ್ಕೆ ಪಕ್ಕದ ಕೇರಳದಲ್ಲೇ ಉದಾಹರಣೆ ಇದೆ. ಕಣ್ಣೂರು ಜಿಲ್ಲೆಯಲ್ಲಿ ಲಸಿಕೆಯ ವಿರುದ್ಧ ವಾಟ್ಸ್ಯಾಪ್ ವದಂತಿ ಹಬ್ಬಿ ತಾಯ್ತಂದೆಯರು ಹಿಂದೆ ಸರಿದಾಗ, ಅಲ್ಲಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ 2018ರಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಮಾರು 150 ಸರಕಾರಿ ಶಾಲೆಗಳಲ್ಲಿ ತರಗತಿ ನಡೆಸಿದರು. ಸುಳ್ಳು ಸುದ್ದಿ ಎಂದರೇನು, ಯಾಕೆ ಹರಡುತ್ತದೆ, ಹೇಗೆ ಪತ್ತೆ ಹಚ್ಚುವುದು ಅಂತ ಮಕ್ಕಳಿಗೆ ಹೇಳಿಕೊಟ್ಟರು. ಮಕ್ಕಳು ಮನೆಗೆ ಹೋಗಿ ಅಪ್ಪ ಅಮ್ಮನನ್ನು ಪ್ರಶ್ನೆ ಕೇಳುತ್ತಾರೆ ಎಂಬ ಲೆಕ್ಕ ಅದರ ಹಿಂದಿತ್ತು. ಮನೆಯಲ್ಲಿ ಅಜ್ಜನಿಗೆ ವಿಡಿಯೋ ಹಾಕಿಕೊಡುವುದು ಮೊಮ್ಮಗನೇ ತಾನೇ.

ಇಲ್ಲಿ ಆಗಬೇಕಾದದ್ದಕ್ಕೆ ಹೊಸ ಕಟ್ಟಡ ಬೇಡ. ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿದರೆ ಗ್ರಂಥಾಲಯ ಕರ ಎಂಬ ಸಾಲು ಕಾಣುತ್ತದೆ. 1965ರ ಕಾಯಿದೆಯ ಆಧಾರದ ಮೇಲೆ ಸೇರಿಸುವ ಈ ಕರ ತೆರಿಗೆಯ ನೂರಕ್ಕೆ 6. ಅಂಗಡಿ ಇರುವವರು ಓದಲಿ ಬಿಡಲಿ, ಗ್ರಂಥಾಲಯಕ್ಕೆ ದುಡ್ಡು ಕೊಡುತ್ತಲೇ ಇದ್ದಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ' ಅನ್ನಿಸಿಕೊಂಡಿವೆ. ಹೆಸರಿನಲ್ಲೇ ಅರಿವು ಇದ್ದ ಮೇಲೆ, ವಾರಕ್ಕೊಂದು ಸಂಜೆ ಊರಿಗೆ ಬಂದ ಒಂದು ಸಂದೇಶವನ್ನು ಗೋಡೆಗೆ ಅಂಟಿಸಿ, ಅದರ ಮೂಲ ಎಲ್ಲಿ, ತಾರೀಖು ಯಾವುದು, ಚಿತ್ರ ಯಾವ ಊರಿನದು ಅಂತ ಹತ್ತು ಜನ ಕೂತು ಹುಡುಕಿದರೆ ಏನು ಖರ್ಚಾಗುತ್ತದೆ? ದಿನಪತ್ರಿಕೆಯಂತೂ ಅಲ್ಲೇ ಮೇಜಿನ ಮೇಲೆ ಬಿದ್ದಿರುತ್ತದೆ.

ಬೇಡವಾದದ್ದು ಯಾವುದೆಂದೂ ಹೇಳಿಬಿಡಬೇಕು. ಶಾಮಿಯಾನ, ಬ್ಯಾನರು, ದೀಪ ಬೆಳಗುವುದು, ಆರು ಜನಕ್ಕೆ ಶಾಲು, ಫೋಟೋ. ಅಧಿಕಾರಿ ಮಹಾಶಯರ ಜೀಪು ಹೊರಟ ಕೂಡಲೇ ಮುಂದಿನ ಸಾಲು ಖಾಲಿ. ಜಾಗೃತಿ ಸಪ್ತಾಹಗಳು ಸಾಕಷ್ಟು ಆಗಿವೆ, ಅವುಗಳಿಂದ ಜಾಗೃತರಾದವರು ಶಾಮಿಯಾನದವರು ಮಾತ್ರ.

ಇದೇ ಹೊತ್ತಿನಲ್ಲಿ ಪತ್ರಿಕೆಗಳೂ, ಅದರಲ್ಲೂ ಸಂಜೆ ಪತ್ರಿಕೆಗಳು, ತಮ್ಮ ಮುಖ ಕನ್ನಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. 'ಎನ್ನಲಾಗಿದೆ', 'ಎಂದು ತಿಳಿದುಬಂದಿದೆ' ಎಂಬ ಎರಡು ಮಾತಿನ ಮರೆಯಲ್ಲಿ ಎಷ್ಟು ಗಾಳಿಸುದ್ದಿ ಅಚ್ಚಾಗಿದೆ? ತಪ್ಪು ಸುದ್ದಿ ಮುಖಪುಟದಲ್ಲಿ, ದೊಡ್ಡಕ್ಷರದಲ್ಲಿ; ತಿದ್ದುಪಡಿ ಮೂರನೆಯ ಪುಟದಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ. ಓದುಗರಿಗೆ ಸುದ್ದಿ ಪರೀಕ್ಷಿಸುವುದನ್ನು ಕಲಿಸಲು ಹೊರಟರೆ ಮೊದಲು ಪರೀಕ್ಷೆಗೆ ಒಳಗಾಗುವುದು ಇವೇ ಪತ್ರಿಕೆಗಳು. ಅದಕ್ಕೆ ಹೆದರುವ ಪತ್ರಿಕೆಯನ್ನು ಓದುಗರು ಕೈಬಿಟ್ಟರೂ ನಷ್ಟವಿಲ್ಲ.

ಹತ್ತರ ನಾಣ್ಯದಿಂದಲೇ ಶುರು ಮಾಡುವುದು ಲೇಸು. ಇದರಲ್ಲಿ ಜಾತಿ ಇಲ್ಲ, ಪಕ್ಷ ಇಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಒಂದು ಸಂತೆ ದಿನ ಬಸ್‌ಸ್ಟ್ಯಾಂಡಿನ ಬಾಗಿಲಲ್ಲಿ ಒಂದು ಟೇಬಲ್ಲು. ಬ್ಯಾಂಕಿನ ಮ್ಯಾನೇಜರು, ಡಿಪೋ ಅಧಿಕಾರಿ, ವರ್ತಕರ ಸಂಘದ ಅಧ್ಯಕ್ಷರು ಕೂರಬೇಕು. ಚಿಹ್ನೆ ಇರುವ ನಾಣ್ಯ, ಇಲ್ಲದ ನಾಣ್ಯ ಎರಡನ್ನೂ ಜನರ ಕೈಗೆ ಕೊಟ್ಟು ಇಸವಿ ಓದಿಸಬೇಕು. ಮೈಕಿನಲ್ಲಿ ಹೈಸ್ಕೂಲಿನ ಮಕ್ಕಳು ವಿಷಯ ಹೇಳಲಿ. ಎಲ್ಲರ ಎದುರಿಗೆ ಕಂಡಕ್ಟರೊಬ್ಬ ನಾಣ್ಯ ತೆಗೆದುಕೊಂಡು ಟಿಕೆಟ್ ಹರಿಯಲಿ, ಹೂವಿನವಳು ನಾಣ್ಯಕ್ಕೆ ಹೂವು ಕೊಡಲಿ. ಕೊನೆಗೆ ಅಧ್ಯಕ್ಷರು ತಮ್ಮ ಅಂಗಡಿಯ ಬಾಗಿಲಿಗೆ 'ಇಲ್ಲಿ ಹತ್ತರ ನಾಣ್ಯ ತೆಗೆದುಕೊಳ್ಳಲಾಗುವುದು' ಎಂಬ ಬೋರ್ಡು ಮೊದಲು ಹಾಕಲಿ. ಬಿಸಿಲಿಗೆ ಟೇಬಲ್ಲಿನ ಮೇಲೊಂದು ದೊಡ್ಡ ಛತ್ರಿ ಬೇಕಾದೀತು, ಅದನ್ನೂ ಸಂಘದವರೇ ಕೊಡಬಹುದು.