ಅಂಕವು ಅರ್ಥಕ್ಕೋ, ಅಕ್ಷರಕ್ಕೋ?

ಪರೀಕ್ಷೆಯನ್ನು ಹಳಿಯುವುದು ವಿದ್ಯಾರ್ಥಿಗಳಿಗೆ ಸಹಜ. ಪರೀಕ್ಷಕರನ್ನು ಹಳಿಯುವುದು ತಾಯ್ತಂದೆಗಳಿಗೆ ಸುಲಭ. ಈ ಎರಡರಿಂದಲೂ ಯಾರಿಗೂ ಒಳಿತಾದುದಿಲ್ಲ. ಆದರೆ ಬರೆದ ಉತ್ತರಕ್ಕೆ ಯಾವ ತತ್ತ್ವವನ್ನನುಸರಿಸಿ ಅಂಕ ಕೊಡಬೇಕೆಂಬುದು ಹಳಿಯುವವರ ಪಾಲಿಗೆ ಬಿಟ್ಟುಬಿಡತಕ್ಕ ಪ್ರಶ್ನೆಯಲ್ಲ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ವರ್ಷಂಪ್ರತಿ 8 ಲಕ್ಷಕ್ಕಿಂತ ಹೆಚ್ಚು ಮಕ್ಕಳು ಕುಳಿತುಕೊಳ್ಳುತ್ತಾರೆ. ಅವರು ಬರೆಯುವ ವಿಜ್ಞಾನದ ಪತ್ರಿಕೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೆಂಬ ಮೂರೂ ಒಂದೇ ಹೊದಿಕೆಯೊಳಗೆ ಸೇರಿವೆ. ಬರವಣಿಗೆಗೆ 80 ಅಂಕಗಳು. ಶಾಲೆಯ ಆಂತರಿಕ ಪರಿಶೀಲನೆಗೆ 20. ಈ 80 ಅಂಕಗಳು ಬಾಲಕನ ತಿಳಿವಳಿಕೆಗೆ ಸಲ್ಲುತ್ತವೆಯೋ, ಅವನ ಕಂಠಪಾಠಕ್ಕೆ ಸಲ್ಲುತ್ತವೆಯೋ ಎಂಬುದೇ ಇಲ್ಲಿಯ ವಿಚಾರ.

ಒಂದು ಉದಾಹರಣೆಯನ್ನು ನೋಡಬಹುದು. ಕಂದಿದ ತಾಮ್ರದ ಪಾತ್ರೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿದರೆ ಅದು ಏಕೆ ಹೊಳೆಯುತ್ತದೆ? ಇದು ಲೋಹಗಳ ಪಾಠದಲ್ಲಿ ಕೇಳುವ ಪ್ರಶ್ನೆ. ತೇವದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ತಾಮ್ರದ ಮೇಲೆ ಪ್ರತ್ಯಾಮ್ಲೀಯ ಕಾರ್ಬೊನೇಟಿನ ಹಸಿರು ಲೇಪವುಂಟಾಗುತ್ತದೆ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಅದರೊಡನೆ ವರ್ತಿಸಿ ಅದನ್ನು ಕರಗಿಸುತ್ತದೆ. ಒಳಗಿನ ಲೋಹವು ಬೆಳಗುತ್ತದೆ. ಉತ್ತರ ಇಷ್ಟೇ. ಈಗ ಹಳ್ಳಿಯ ಹುಡುಗಿಯೊಬ್ಬಳು ಹೀಗೆ ಬರೆದಳೆಂದು ಭಾವಿಸೋಣ: “ಗಾಳಿಯೂ ತೇವವೂ ಸೋಕಿ ಚೆಂಬಿನ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಹುಣಿಸೆಯ ಹುಳಿಯು ಕಿಲುಬನ್ನು ಕರಗಿಸುತ್ತದೆ, ತಾಮ್ರವನ್ನು ಹಾಗೆಯೇ ಬಿಡುತ್ತದೆ.” ಇದರಲ್ಲಿ ಕಾರಣವಿದೆ, ಕಾರ್ಯವಿದೆ, ಎರಡರ ಸಂಬಂಧವೂ ಇದೆ. ಇಲ್ಲದಿರುವುದು ‘ಆಮ್ಲ’, ‘ಕಾರ್ಬೊನೇಟು’ ಎಂಬೆರಡು ಮಾತುಗಳು ಮಾತ್ರ. ಮಾದರಿ ಉತ್ತರದ ಹಾಳೆಯನ್ನು ಎಡಗೈಯಲ್ಲಿಯೂ ಕೆಂಪು ಲೇಖನಿಯನ್ನು ಬಲಗೈಯಲ್ಲಿಯೂ ಹಿಡಿದು, ಆ ಎರಡು ಮಾತುಗಳನ್ನು ಅರಸುತ್ತ ಹೋಗುವ ಮೌಲ್ಯಮಾಪಕನು ಈ ಉತ್ತರಕ್ಕೆ ಸೊನ್ನೆಯನ್ನೋ, ಬಹಳವಾದರೆ ಅರ್ಧ ಅಂಕವನ್ನೋ ಹಾಕಿ ಮುಂದಿನ ಪುಟವನ್ನು ತಿರುವುತ್ತಾನೆ.

ವಿನೋದವೇನೆಂದರೆ, ‘ಆಮ್ಲ’ವೆಂಬ ಸಂಸ್ಕೃತ ಶಬ್ದಕ್ಕೆ ಹುಳಿಯೆಂದೇ ಅರ್ಥ. ಇಂಗ್ಲಿಷಿನ ‘ಆಸಿಡ್’ ಎಂಬುದರ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ. ‘ಮಸೂರ’ವೆಂದರೆ ಒಂದು ಬಗೆಯ ಬೇಳೆ, ‘ಲೆನ್ಸ್’ ಎಂಬುದೂ ಲ್ಯಾಟಿನ್ನಿನಲ್ಲಿ ಆ ಬೇಳೆಯ ಹೆಸರೇ. ಆಕಾರದ ಹೋಲಿಕೆಯಿಂದ ಗಾಜಿಗೆ ಆ ಹೆಸರು ಬಂದಿತು. ವಿಜ್ಞಾನದ ಘನವಾದ ಪರಿಭಾಷೆಯ ಬಹುಭಾಗವು ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ದೇಶದ ಅಡುಗೆಮನೆಯಲ್ಲಿಯೂ ಹೊಲದಲ್ಲಿಯೂ ಹುಟ್ಟಿದುದು. ಲ್ಯಾಟಿನ್ನಿನ ಹುಳಿಗೆ ಪೂರ್ಣಾಂಕ, ಸಂಸ್ಕೃತದ ಹುಳಿಗೆ ಪೂರ್ಣಾಂಕ, ಕನ್ನಡದ ಹುಳಿಗೆ ಮಾತ್ರ ಸೊನ್ನೆಯೆಂದರೆ, ಅಲ್ಲಿ ಪರೀಕ್ಷೆಗೊಳಗಾದುದು ರಸಾಯನಶಾಸ್ತ್ರವಲ್ಲ.

ಇದಕ್ಕೆ ಪ್ರತಿಯಾದ ಅನ್ಯಾಯವೂ ಒಂದುಂಟು. ಅದು ಕಣ್ಣಿಗೆ ಬೀಳುವುದು ಕಡಮೆ. ಸಮೀಪದೃಷ್ಟಿ ದೋಷವನ್ನು ಹೇಗೆ ಸರಿಪಡಿಸುವರೆಂಬ ಪ್ರಶ್ನೆಗೆ ಒಬ್ಬ ಹುಡುಗನು ಪುಸ್ತಕದ ವಾಕ್ಯವನ್ನು ಅಕ್ಷರ ತಪ್ಪದಂತೆ ಇಳಿಸಿ, ‘ನಿಮ್ನ ಮಸೂರ’ ಎಂದು ಬರೆದು, ಅದರ ಕೆಳಗೆ ನಡುವುಬ್ಬಿದ ಪೀನ ಮಸೂರದ ಚಿತ್ರವನ್ನು ಬಿಡಿಸುತ್ತಾನೆ. ನಿಮ್ನವೆಂದರೇನೆಂಬುದು ಅವನಿಗೆ ತಿಳಿದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೂ ಹಾಳೆಯಲ್ಲಿದ್ದ ಮಾತು ಉತ್ತರದಲ್ಲಿ ಸಿಕ್ಕಿತು, ಅಂಕವೂ ಸಿಕ್ಕಿತು. ಪಕ್ಕದ ಹುಡುಗನು ಹೆಸರನ್ನು ಮರೆತು, “ನಡುವೆ ತೆಳುವಾಗಿಯೂ ಅಂಚಿನಲ್ಲಿ ದಪ್ಪವಾಗಿಯೂ ಇರುವ ಗಾಜು ಕಿರಣಗಳನ್ನು ಮೊದಲು ಅಗಲಿಸುವುದರಿಂದ ಬಿಂಬವು ಹಿಂದೆ ಸರಿದು ಅಕ್ಷಿಪಟಲದ ಮೇಲೆ ಬೀಳುತ್ತದೆ” ಎಂದು ಬರೆದರೆ ಅವನಿಗೆ ನಷ್ಟ. ಇವರಿಬ್ಬರಲ್ಲಿ ಕನ್ನಡಕದ ಅಂಗಡಿಯನ್ನು ಯಾರಿಗೆ ಒಪ್ಪಿಸಬಹುದೆಂಬುದನ್ನು ವಾಚಕರೇ ನಿರ್ಣಯಿಸಲಿ.

ಇನ್ನು ಲೆಕ್ಕಗಳ ವಿಷಯ. 12 ವೋಲ್ಟಿನ ಬ್ಯಾಟರಿಗೆ 2 ಓಮ್ ಮತ್ತು 4 ಓಮ್ ರೋಧಗಳನ್ನು ಸರಣಿಯಲ್ಲಿ ಜೋಡಿಸಿದರೆ ವಿದ್ಯುತ್ ಪ್ರವಾಹವೆಷ್ಟು, ಸಾಮರ್ಥ್ಯವೆಷ್ಟು? ಒಟ್ಟು ರೋಧ 6 ಓಮ್, ಪ್ರವಾಹ 2 ಆಂಪಿಯರ್, ಸಾಮರ್ಥ್ಯ 24 ವ್ಯಾಟ್. ಹುಡುಗನು ಸಂಕಲನದಲ್ಲಿ ಎಡವಿ ಎರಡನ್ನು ಗುಣಿಸಿ 8 ಎಂದು ಬರೆದನೆನ್ನೋಣ. ಅಲ್ಲಿಂದ ಮುಂದೆ ಓಮನ ನಿಯಮವನ್ನು ಸರಿಯಾಗಿ ಅನ್ವಯಿಸಿ 1.5 ಆಂಪಿಯರ್ ಎಂದೂ 18 ವ್ಯಾಟ್ ಎಂದೂ ಕಂಡುಹಿಡಿದನು. ಅವನು ಮಾಡಿದ ತಪ್ಪು ಒಂದು. ಕೊನೆಯ ಸಂಖ್ಯೆಯನ್ನು ಮಾತ್ರ ನೋಡುವವನು ವಿಧಿಸುವ ದಂಡ ಮೂರು. ಒಂದು ಅಪರಾಧಕ್ಕೆ ಮೂರು ಶಿಕ್ಷೆಯನ್ನು ಯಾವ ಧರ್ಮಶಾಸ್ತ್ರವೂ ಒಪ್ಪುವುದಿಲ್ಲ.

ಇಲ್ಲಿ ಕೇಳಿಬರುವ ಮೊದಲನೆಯ ಆಕ್ಷೇಪಣೆಯು ಏಕರೂಪತೆಯದು. ಲಕ್ಷಾಂತರ ಪತ್ರಿಕೆಗಳನ್ನು ಸಾವಿರಾರು ಉಪಾಧ್ಯಾಯರು ಬೇಸಗೆಯ ಧಗೆಯಲ್ಲಿ ಅವಸರವಾಗಿ ನೋಡಬೇಕಾಗಿದೆ. ಮೂರು ಶಾಸ್ತ್ರಗಳಲ್ಲಿಯೂ ಸಮಾನವಾದ ಪಾಂಡಿತ್ಯವುಳ್ಳವರು ಅಪೂರ್ವ. ಆದುದರಿಂದ ಮಾದರಿ ಉತ್ತರವನ್ನು ಬಿಟ್ಟರೆ ಗತಿಯಿಲ್ಲವೆನ್ನುತ್ತಾರೆ. ಉಪಾಧ್ಯಾಯರ ಕಷ್ಟವು ನಿಜ. ಮಾದರಿಯು ಬೇಕೆಂಬುದೂ ನಿಜ. ಆದರೆ ಎಲ್ಲರೂ ಒಂದೇ ವಿಧವಾಗಿ ತಪ್ಪುವುದಕ್ಕೆ ನ್ಯಾಯವೆಂದು ಹೆಸರಿಲ್ಲ. ಮೇಲಾಗಿ, ಕೂಡಿಸುವುದರಲ್ಲಿ ತಪ್ಪಿದ್ದರೆ ಛಾಯಾಪ್ರತಿಯನ್ನು ತರಿಸಿಕೊಂಡು ಮರುಮೌಲ್ಯಮಾಪನವನ್ನು ಬೇಡುವ ದಾರಿಯುಂಟು. ಮಾದರಿಯೇ ಸಂಕುಚಿತವಾಗಿದ್ದರೆ ಎರಡನೆಯ ಪರೀಕ್ಷಕನ ಕೈಯಲ್ಲಿರುವುದೂ ಅದೇ ಹಾಳೆಯಾದುದರಿಂದ ಆ ದಾರಿಯೂ ಮುಚ್ಚಿದಂತೆಯೇ ಸರಿ.

ಏಕರೂಪತೆಗೂ ಔದಾರ್ಯಕ್ಕೂ ವಿರೋಧವಿಲ್ಲವೆಂಬುದಕ್ಕೆ ಇಂಗ್ಲೆಂಡಿನ ಪದ್ಧತಿಯು ಒಂದು ದೃಷ್ಟಾಂತ. ಅಲ್ಲಿ 2016ರಿಂದ ಬೋಧಿಸಿ 2018ರಲ್ಲಿ ಮೊದಲು ಪರೀಕ್ಷಿಸಿದ ‘ಸಂಯುಕ್ತ ವಿಜ್ಞಾನ’ವೆಂಬ ಪ್ರೌಢಶಾಲಾ ವಿಷಯದಲ್ಲಿಯೂ ಈ ಮೂರು ಶಾಸ್ತ್ರಗಳು ಕೂಡಿವೆ. ಅಲ್ಲಿಯ ಒಂದು ಮುಖ್ಯ ಪರೀಕ್ಷಾ ಮಂಡಲಿಯು ಇದಕ್ಕೆ ತಲಾ 70 ಅಂಕಗಳ 6 ಪತ್ರಿಕೆಗಳನ್ನಿಟ್ಟಿದೆ. ಅದರ ಅಂಕವಿಧಾನದಲ್ಲಿ ಉತ್ತರದ ಪಕ್ಕದಲ್ಲಿ ಇನ್ನೊಂದು ಅಂಕಣವಿದ್ದು, ಯಾವ ಮಾತನ್ನು ಒಪ್ಪಬಹುದು, ಯಾವುದನ್ನು ಲಕ್ಷಿಸಬೇಕಾಗಿಲ್ಲ, ಯಾವುದನ್ನು ಒಪ್ಪಲೇಬಾರದು ಎಂಬುದನ್ನು ಬೇರೆಬೇರೆಯಾಗಿ ಹೇಳಿದೆ. ಇಂಥ ಪದವೇ ಬೇಕೆಂದಿರುವಲ್ಲಿ ಅದರ ಕೆಳಗೆ ಗೆರೆಯೆಳೆದಿದೆ. ಹಿಂದಿನ ಹಂತದ ತಪ್ಪು ಸಂಖ್ಯೆಯನ್ನು ಮುಂದಿನ ಹಂತದಲ್ಲಿ ಸರಿಯಾದ ಕ್ರಮದಿಂದ ಉಪಯೋಗಿಸಿದರೆ ಆ ಹಂತದ ಅಂಕವುಂಟು. ಪಾರಿಭಾಷಿಕ ಪದದ ಅಕ್ಷರ ತಪ್ಪಿದ್ದರೂ ಉಚ್ಚಾರದಿಂದ ಅದೇ ಪದವೆಂದು ತಿಳಿಯುವಂತಿದ್ದು, ಬೇರೊಂದು ಪದದೊಡನೆ ಗೊಂದಲವಾಗದಿದ್ದರೆ ಅಂಕ ಕೊಡಬೇಕೆಂದಿದೆ. ಸರಿಯಾದುದರ ಜೊತೆಗೆ ಅದಕ್ಕೆ ವಿರುದ್ಧವಾದುದನ್ನೂ ಬರೆದವನು ಸಂಪಾದಿಸಿದ ಅಂಕವನ್ನು ಕಳೆದುಕೊಳ್ಳುತ್ತಾನೆ. ಆ ಪದ್ಧತಿಯು ದೋಷರಹಿತವೆಂದಲ್ಲ. ‘ದ್ಯುತಿಸಂಶ್ಲೇಷಣೆ’ಯೆಂಬಲ್ಲಿ ಶಕಾರಕ್ಕೆ ಸಕಾರವನ್ನು ಬರೆದ ಕನ್ನಡದ ಮಗುವಿಗೂ, ಮೇಲೆ ಹೇಳಿದ ಓಮನ ಲೆಕ್ಕದ ಹುಡುಗನಿಗೂ ಅಲ್ಲಿ ನ್ಯಾಯವು ದೊರೆಯುತ್ತಿತ್ತು, ಪೀನ ಮಸೂರವನ್ನು ಬಿಡಿಸಿದವನಿಗೂ ತಕ್ಕ ಮರ್ಯಾದೆಯಾಗುತ್ತಿತ್ತು ಎಂಬಷ್ಟೇ ಇಲ್ಲಿಯ ತಾತ್ಪರ್ಯ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಗಟ್ಟಿಯಾದುದು. ಹುಳಿಯಾದುದೆಲ್ಲ ನಾಲಗೆಗೆ ತಿಳಿಯುವುದಿಲ್ಲ. ಆಮ್ಲವೆಂಬುದಕ್ಕೆ ನಿಷ್ಕೃಷ್ಟವಾದ ಲಕ್ಷಣವುಂಟು. ಪರಿಭಾಷೆಯನ್ನು ಬಿಟ್ಟರೆ ಶಾಸ್ತ್ರವೇ ಇಲ್ಲವೆನ್ನುತ್ತಾರೆ. ಒಪ್ಪತಕ್ಕ ಮಾತು. ಹೆಸರನ್ನು ಕೇಳಿದಲ್ಲಿ ಹೆಸರನ್ನೇ ಬಯಸಲಿ. ಲಕ್ಷಣವನ್ನು ಕೇಳಿದಲ್ಲಿ ಲಕ್ಷಣವನ್ನೇ ಬಯಸಲಿ. ‘ಏಕೆ’ ಎಂದು ಕೇಳಿದಲ್ಲಿ ಮಾತ್ರ ಕಾರಣಕ್ಕೆ ಬೆಲೆಯಿರಲಿ. ಮೂರು ಅಂಕಗಳ ಉತ್ತರದಲ್ಲಿ ಒಂದನ್ನು ಪರಿಭಾಷೆಗೆ ಮೀಸಲಿಟ್ಟು, ಉಳಿದೆರಡನ್ನು ಕಾರ್ಯಕಾರಣಗಳ ವಿವರಣೆಗೆ ಕೊಟ್ಟರೆ ಶಾಸ್ತ್ರಕ್ಕೇನೂ ಕುಂದಿಲ್ಲ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವು ದಿಲ್ಲಿಯಲ್ಲಿ ರಚಿತವಾದ ಪುಸ್ತಕದ ಭಾಷಾಂತರವೆಂಬುದನ್ನೂ ಮರೆಯಬಾರದು. ಭಾಷಾಂತರಕಾರನು ಆರಿಸಿಕೊಂಡ ಒಂದು ಪದವು ಪ್ರಕೃತಿಯ ನಿಯಮವಲ್ಲ.

ಮೂರನೆಯವರು, ಹೀಗೆ ಸಡಿಲಿಸಿದರೆ ವಿದ್ಯೆಯ ಮಟ್ಟವು ಇಳಿದುಹೋಗುವುದೆಂದು ಹೆದರುತ್ತಾರೆ. ಅರ್ಥವನ್ನು ನೋಡಿ ಅಂಕ ಕೊಡುವುದು ಸಡಿಲಿಕೆಯಲ್ಲ; ಪುಸ್ತಕದ ವಾಕ್ಯವನ್ನು ಅರ್ಥವಿಲ್ಲದೆ ಇಳಿಸಿದವನಿಗೆ ಅದು ಕಠಿನವೇ ಆಗುತ್ತದೆ. ಸಡಿಲಿಕೆಯೆಂದರೇನೆಂಬುದನ್ನು ನೋಡಬೇಕಾದರೆ 2024ನೆಯ ವರ್ಷವನ್ನು ನೆನೆಯಬೇಕು. ಆ ವರ್ಷ ಫಲಿತಾಂಶವು ಕುಸಿಯಿತೆಂದು ಕೃಪಾಂಕದ ಮಿತಿಯನ್ನು ಶೇಕಡಾ 10ರಿಂದ 20ಕ್ಕೆ ಏರಿಸಲಾಯಿತು. ಆಕ್ಷೇಪಣೆಗಳೆದ್ದ ಮೇಲೆ ಮರುವರ್ಷ ಅದನ್ನು ಕೈಬಿಡಲಾಯಿತು. ಬರೆಯದುದಕ್ಕೆ ಅಷ್ಟು ಧಾರಾಳವಾಗಿ ಕೊಡಬಲ್ಲ ಕೈಯು, ತಿಳಿದು ಬರೆದುದಕ್ಕೆ ಒಂದು ಅಂಕವನ್ನು ಕೊಡಲು ಹಿಂಜರಿಯುವುದೆಂದರೆ ವಿಚಿತ್ರವಲ್ಲವೆ? ಅರ್ಹತೆಯಿಂದ ಸಲ್ಲಬೇಕಾದುದನ್ನು ಕೊಟ್ಟರೆ ಕೃಪೆಯ ಅವಶ್ಯಕತೆಯೇ ಬಹುಮಟ್ಟಿಗೆ ತಪ್ಪುತ್ತದೆ.

ಮಾಡಬೇಕಾದುದು ದೊಡ್ಡದೇನೂ ಅಲ್ಲ. ಮಾದರಿ ಉತ್ತರದ ಕೊನೆಗೆ ‘ಇತರ ಸೂಕ್ತ ಉತ್ತರ’ ಎಂದು ಒಂದು ಸಾಲನ್ನು ಸೇರಿಸಿದರೆ ಸಾಲದು. ಸೂಕ್ತವಾದುದು ಯಾವುದೆಂಬುದನ್ನು ದಣಿದ ಮೌಲ್ಯಮಾಪಕನು ಒಬ್ಬನೇ ನಿರ್ಣಯಿಸಲಾರನು. ಮಕ್ಕಳು ನಿಜವಾಗಿ ಬರೆದ ನೂರಾರು ಉತ್ತರಗಳನ್ನು ಮೊದಲೇ ಓದಿ, ಅವರ ಮಾತುಗಳಲ್ಲಿ ಒಪ್ಪತಕ್ಕವನ್ನೂ ಒಪ್ಪತಗದವನ್ನೂ ಪಟ್ಟಿಮಾಡಿ, ಹಂತಹಂತಕ್ಕೂ ಅಂಕವನ್ನು ವಿಂಗಡಿಸಿ, ಮೌಲ್ಯಮಾಪನವು ಆರಂಭವಾಗುವ ದಿನ ಎಲ್ಲರೂ ಕೆಲವು ಪತ್ರಿಕೆಗಳನ್ನು ಒಟ್ಟಿಗೆ ತಿದ್ದಿ ಚರ್ಚಿಸಬೇಕು. ಹೀಗೆ ಒಂದು ದಿನವು ಹೆಚ್ಚಾಗಿ ಕಳೆದರೆ ಆಗುವ ನಷ್ಟವೇನು?

ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದುದು ಕನ್ನಡ ಬಲ್ಲವನಿಗೆ ಲೋಕದ ವ್ಯಾಪಾರಗಳು ಕನ್ನಡದಲ್ಲಿ ಅರ್ಥವಾಗಲೆಂದು, ಒಂದು ಬಾಯಿಪಾಠವನ್ನು ಬಿಡಿಸಿ ಇನ್ನೊಂದು ಬಾಯಿಪಾಠವನ್ನು ಕಲಿಸಲೆಂದಲ್ಲ. ಶಾಲೆಯಲ್ಲಿ ಉಪಾಧ್ಯಾಯನು ಏನನ್ನು ಕಲಿಸಬೇಕೆಂಬುದನ್ನು ಪಠ್ಯಕ್ರಮವು ಹೇಳುತ್ತದೆ. ಅವನು ನಿಜವಾಗಿ ಕಲಿಸುವುದಾದರೋ ಯಾವುದಕ್ಕೆ ಅಂಕ ಬರುವುದೋ ಅದನ್ನು. ಹುಣಿಸೆಯ ಹುಳಿಗೂ ಚೆಂಬಿನ ಕಿಲುಬಿಗೂ ಇರುವ ಸಂಬಂಧವನ್ನು ಕಂಡುಕೊಂಡ ಹುಡುಗಿಗೆ ಸೊನ್ನೆಯನ್ನು ಕೊಟ್ಟ ದಿನ, ಅವಳ ತಂಗಿಯು ಒಂದು ಪಾಠವನ್ನು ಕಲಿಯುತ್ತಾಳೆ: ನೋಡಬೇಡ, ಯೋಚಿಸಬೇಡ, ಸಾಲನ್ನು ಉರುಹೊಡೆ ಎಂದು. ಆ ಪಾಠಕ್ಕೆ ವಿಜ್ಞಾನವೆಂಬ ಹೆಸರು ಸಲ್ಲದು.